ಅರ್ಧವಾಕ್ಯದ ಆರಾಧನೆ

ಕೆಲವು ತಿಂಗಳ ಹಿಂದೆ ಒಂದು ಕಾಲೇಜಿನ ವಿಚಾರಸಂಕಿರಣಕ್ಕೆ ಹೋಗಿದ್ದೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಪಂಪನ ಹೆಸರಿನೊಡನೆ ಆದಿಪುರಾಣದ ಒಂದು ಮಾತು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಮನುಷ್ಯರ ಜಾತಿ ಒಂದೇ ಎಂಬರ್ಥದ ಆ ಮಾತನ್ನು ಕನ್ನಡ ಓದಿದವರೆಲ್ಲ ಬಲ್ಲರು. ಸ್ವಾಗತಿಸಿದವರು ಅದನ್ನು ಹೇಳಿದರು, ಉದ್ಘಾಟಿಸಿದವರು ಹೇಳಿದರು, ಸಮಾರೋಪದಲ್ಲಿಯೂ ಅದೇ ಬಂದಿತು. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸಿದ ಸಂಶೋಧನ ವಿದ್ಯಾರ್ಥಿಯೊಬ್ಬನನ್ನು, ಈ ಮಾತು ಆದಿಪುರಾಣದಲ್ಲಿ ಯಾವ ಸಂದರ್ಭದಲ್ಲಿ ಬರುತ್ತದೆ ಎಂದು ಕೇಳಿದೆ. ಆತ ಸ್ವಲ್ಪ ಹೊತ್ತು ಯೋಚಿಸಿ, “ಅದು ಪಂಪನ ಸಂದೇಶ ಸರ್” ಎಂದ. ಸಭೆಯಲ್ಲಿದ್ದ ಅಧ್ಯಾಪಕರು ಯಾರೂ ಅವನ ನೆರವಿಗೆ ಬರಲಿಲ್ಲ.

ಅವನನ್ನು ದೂರುವ ಅಧಿಕಾರ ನನಗಿಲ್ಲ. ಹತ್ತಾರು ವರ್ಷ ನಾನೂ ಆ ಮಾತನ್ನು ಬಸದಿಗಳ ಅಂಗಳದಲ್ಲಿ, ಮಹಾವೀರ ಜಯಂತಿಯ ಸಭೆಗಳಲ್ಲಿ ಹೀಗೆಯೇ ಹೇಳಿಕೊಂಡು ಬಂದವನು. ಆದರೆ ಆ ದಿನ ಮರಳಿ ಬರುವಾಗ ಒಂದು ಸಂಗತಿ ಸ್ಪಷ್ಟವಾಯಿತು. ದುಡಿಮೆಯ ಬಗೆಗೆ, ಬಾಳಿನ ಬಗೆಗೆ, ಕಲೆಯ ಬಗೆಗೆ, ಕಾಣ್ಕೆಯ ಬಗೆಗೆ ನಮ್ಮ ಲೇಖಕರು ಏನು ಚಿಂತಿಸಿದರು ಎಂದು ಕೇಳಿದರೆ, ಇಂದು ನಮ್ಮ ಕೈಯಲ್ಲಿ ಉಳಿದಿರುವುದು ಚಿಂತನೆಯಲ್ಲ, ನುಡಿಮುತ್ತುಗಳ ಒಂದು ಪೆಟ್ಟಿಗೆ. ಕವಿಯ ಮಾತನ್ನು ಅದರ ವಕ್ತೃವಿನಿಂದ, ಸಂದರ್ಭದಿಂದ, ವಾದದ ಮುಂದುವರಿಕೆಯಿಂದ ಕತ್ತರಿಸಿ ತೆಗೆದು, ಅದನ್ನೇ ಆತನ ದರ್ಶನವೆಂದು ಪೂಜಿಸುವ ಈ ರೂಢಿ ಸಾಹಿತ್ಯಾಭ್ಯಾಸದ ಮೂಲಕ್ಕೇ ಕೊಡಲಿಯಿಡುತ್ತಿದೆ ಎಂಬುದು ಈ ಲೇಖನದ ಆಕ್ಷೇಪ. ಹಾಗಾಗಿ ಇಲ್ಲಿ ಯಾವ ಕವಿಯ ಯಾವ ಸಾಲನ್ನೂ ಉದ್ಧರಿಸುವುದಿಲ್ಲ; ಬೇಕಾದವರು ಗ್ರಂಥವನ್ನೇ ತೆರೆಯಲಿ.

ಮೊದಲು ಆ ಬ್ಯಾನರಿನ ಮಾತನ್ನೇ ನೋಡೋಣ. ಕ್ರಿ.ಶ. 941ರಲ್ಲಿ ಪಂಪ ಆದಿಪುರಾಣವನ್ನು ರಚಿಸುವಾಗ ಅವನ ಮುಂದಿದ್ದ ಆಕರ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣ. ಆ ಗ್ರಂಥದ 38ನೆಯ ಪರ್ವದಲ್ಲಿ, ಭರತ ಚಕ್ರವರ್ತಿ ವ್ರತಿಗಳಾದವರನ್ನು ಆರಿಸಿ ಬ್ರಾಹ್ಮಣ ವರ್ಣವನ್ನು ಸ್ಥಾಪಿಸುವ ಪ್ರಸಂಗದಲ್ಲಿ, ಈ ಮಾತಿನ ಮೂಲ ಶ್ಲೋಕವಿದೆ. ಅದರ ಪೂರ್ವಾರ್ಧದ ತಾತ್ಪರ್ಯ, ಜಾತಿನಾಮಕರ್ಮದ ಉದಯದಿಂದ ಉಂಟಾದ ಮನುಷ್ಯಜಾತಿ ಒಂದೇ ಎಂಬುದು. ಉತ್ತರಾರ್ಧದ ತಾತ್ಪರ್ಯ, ವೃತ್ತಿಭೇದದಿಂದ ಅದು ಇಲ್ಲಿ ನಾಲ್ಕಾಗುತ್ತದೆ ಎಂಬುದು. ಮರುಶ್ಲೋಕ ಆ ನಾಲ್ಕನ್ನೂ ಎಣಿಸುತ್ತದೆ: ವ್ರತಸಂಸ್ಕಾರದಿಂದ ಬ್ರಾಹ್ಮಣ, ಶಸ್ತ್ರಧಾರಣೆಯಿಂದ ಕ್ಷತ್ರಿಯ, ನ್ಯಾಯವಾದ ಅರ್ಥಾರ್ಜನೆಯಿಂದ ವಣಿಜ, ಕೆಳಗಣ ವೃತ್ತಿಯನ್ನು ಆಶ್ರಯಿಸಿದ್ದರಿಂದ ಶೂದ್ರ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಪೂರ್ವಾರ್ಧದ ‘ಜಾತಿ’ ಎಂಬ ಶಬ್ದ ನಾವು ಇಂದು ಅರ್ಜಿಗಳಲ್ಲಿ ತುಂಬುವ ಜಾತಿಯಲ್ಲ. ಜೈನ ಕರ್ಮಸಿದ್ಧಾಂತದಲ್ಲಿ ಜೀವಕ್ಕೆ ದೇಹಾದಿಗಳನ್ನು ಒದಗಿಸುವ ನಾಮಕರ್ಮದ ಒಂದು ಪ್ರಭೇದ ಜಾತಿನಾಮಕರ್ಮ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಐದು ಬಗೆಯ ಜೀವಗಳ ವಿಭಾಗ ಅದಕ್ಕೆ ಸೇರಿದ್ದು. ಹುಟ್ಟಿನ ಕರ್ಮದ ದೃಷ್ಟಿಯಿಂದ ಮನುಷ್ಯರೊಳಗೆ ಭೇದವಿಲ್ಲ ಎಂಬುದು ಆಚಾರ್ಯರ ನಿಲುವು. ಎರಡು, ಹಾಗೆ ಹುಟ್ಟಿನಿಂದ ಕಿತ್ತು ತೆಗೆದ ಭೇದವನ್ನು ಅವರು ಕೂಡಲೇ ದುಡಿಮೆಯ ಮೇಲೆ ನಿಲ್ಲಿಸುತ್ತಾರೆ. ನಿಲ್ಲಿಸುವಾಗ ಒಂದು ದುಡಿಮೆಯನ್ನು ಕೆಳಗಣದು ಎಂದೂ ಕರೆಯುತ್ತಾರೆ. ಮುಂದಿನ ಪರ್ವಗಳಲ್ಲಿ ದೀಕ್ಷೆಗೆ ಅರ್ಹವಲ್ಲದ ಕುಲಗಳ ಮಾತು ಬರುತ್ತದೆ. ವಿದ್ಯೆ ಶಿಲ್ಪಗಳಿಂದ ಜೀವಿಸುವ ಅಂಥವರಿಗೆ ಉಪನೀತಿಯೇ ಮೊದಲಾದ ಸಂಸ್ಕಾರಗಳು ಸಮ್ಮತವಲ್ಲವೆಂಬ ವಿಧಿಯೂ ಬರುತ್ತದೆ.

ಪೂರ್ವಾರ್ಧವನ್ನು ಮಾತ್ರ ಬ್ಯಾನರಿಗೆ ಏರಿಸಿದಾಗ ಏನಾಗುತ್ತದೆ? ಹತ್ತನೆಯ ಶತಮಾನದ ಕವಿ ಇಪ್ಪತ್ತನೆಯ ಶತಮಾನದ ಸಮಾನತಾವಾದಿಯಾಗಿ ಕಾಣುತ್ತಾನೆ. ನಮಗೆ ಹೆಮ್ಮೆಯಾಗುತ್ತದೆ. ನನ್ನಂತಹ ಜೈನನಿಗೆ ಇನ್ನೂ ಹೆಚ್ಚು ಹೆಮ್ಮೆಯಾಗುತ್ತದೆ. ಆದರೆ ಆ ಹೆಮ್ಮೆ ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. ಜನ್ಮದಿಂದ ಭೇದವಿಲ್ಲವೆಂದು ಸಿದ್ಧಾಂತದಲ್ಲಿ ಸಾರಿದ ಒಂದು ಪರಂಪರೆ, ವೃತ್ತಿಯ ಬಾಗಿಲಿನಿಂದ ಅದೇ ಭೇದವನ್ನು ಒಳಗೆ ಬಿಟ್ಟುಕೊಂಡದ್ದು ಹೇಗೆ? ಇದು ಸಾಹಿತ್ಯ ಚರಿತ್ರೆಗೂ ಸಮಾಜ ಚರಿತ್ರೆಗೂ ಮುಖ್ಯವಾದ ಪ್ರಶ್ನೆ. ಪೂರ್ತಿ ಶ್ಲೋಕವನ್ನು ಓದಿದವನು ಇದನ್ನು ಕೇಳದೆ ಇರಲಾರ. ಅರ್ಧವನ್ನು ಓದಿದವನಿಗೆ ಇದು ಹೊಳೆಯುವುದೇ ಇಲ್ಲ.

ಪಂಪನದೇ ಇನ್ನೆರಡು ಮಾತುಗಳಿವೆ. ವಿಕ್ರಮಾರ್ಜುನವಿಜಯದಲ್ಲಿ ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸಭೆಯಲ್ಲಿ ಕರ್ಣ ಆ ವೃದ್ಧನನ್ನು ಹೀಯಾಳಿಸುತ್ತಾನೆ. ಆಗ ದ್ರೋಣ, ನಿನ್ನ ನಾಲಗೆಯೇ ನಿನ್ನ ಕುಲವನ್ನು ಹೊರಗೆಡಹುತ್ತಿದೆ ಎಂದು ಚುಚ್ಚುತ್ತಾನೆ. ಅದಕ್ಕೆ ಸಿಡಿದು ಕರ್ಣ, ಹುಟ್ಟಿದ ಕುಲ ಕುಲವಲ್ಲ, ಛಲ ಗುಣ ಅಭಿಮಾನ ಪರಾಕ್ರಮಗಳೇ ಕುಲ ಎಂದು ಉತ್ತರಿಸುತ್ತಾನೆ. ಈ ಉತ್ತರವೂ ಪಂಪನ ಸಂದೇಶವೆಂದು ಬ್ಯಾನರುಗಳಲ್ಲಿ ಬರುತ್ತದೆ. ಇದು ಗಾಯಗೊಂಡವನೊಬ್ಬನ ಮಾತು, ಅದಕ್ಕೆ ಮುನ್ನ ಅವನೇ ಇನ್ನೊಬ್ಬನ ಮುಪ್ಪನ್ನು ಅಣಕಿಸಿದ್ದಾನೆ, ಅದರ ಬಳಿಕ ಭೀಷ್ಮ ಸಿಟ್ಟಾಗದೆ ಎಲ್ಲರಿಗೂ ಸರದಿ ಬರುವ ಮಹಾಯುದ್ಧವಿದು ಎಂದು ಸಮಾಧಾನದಿಂದ ನುಡಿಯುತ್ತಾನೆ ಎಂಬುದು ಬ್ಯಾನರಿನಲ್ಲಿ ಬರುವುದಿಲ್ಲ. ಮೂವರ ದನಿಗಳು ಒಂದನ್ನೊಂದು ಒರೆಗೆ ಹಚ್ಚುವಂತೆ ಕವಿ ಆ ಸಭೆಯನ್ನು ಕಟ್ಟಿದ್ದಾನೆ. ನಾವು ಒಂದು ದನಿಯನ್ನು ಉಳಿಸಿಕೊಂಡು ಸಭೆಯನ್ನು ಬರಖಾಸ್ತು ಮಾಡಿದ್ದೇವೆ.

ಅದೇ ಕಾವ್ಯದ ಕೊನೆಯ ಆಶ್ವಾಸದಲ್ಲಿ ಪಂಪ ತನ್ನ ತಂದೆ ಜಿನಧರ್ಮವನ್ನು ಸ್ವೀಕರಿಸಿದ ಸಂಗತಿಯನ್ನು ಹೇಳುತ್ತಾನೆ. ಅಲ್ಲಿ ಮಾತನಾಡುವವನು ಪಾತ್ರವಲ್ಲ, ಕವಿಯೇ. ಎಲ್ಲ ಜಾತಿಗಳಲ್ಲಿ ಉತ್ತಮವಾದದ್ದು ವಿಪ್ರಕುಲ, ಅದು ನಂಬಲು ತಕ್ಕ ಧರ್ಮ ಜಿನಧರ್ಮ ಎಂದು ತಂದೆ ಬಗೆದನೆಂದು ಅವನು ಹೆಮ್ಮೆಯಿಂದ ಬರೆಯುತ್ತಾನೆ. ಈ ಪದ್ಯವನ್ನು ಯಾವ ವೇದಿಕೆಯ ಮೇಲೂ ನಾನು ಕಂಡಿಲ್ಲ. ಮನುಷ್ಯಜಾತಿ ಒಂದೇ ಎಂದ ಕವಿ, ಕುಲ ಕುಲವಲ್ಲ ಎಂದು ಕರ್ಣನಿಂದ ನುಡಿಸಿದ ಕವಿ, ತನ್ನ ಮನೆತನದ ಮಾತು ಬಂದಾಗ ಉತ್ತಮ ಜಾತಿ ಎಂದ ಕವಿ ಒಬ್ಬನೇ. ಒಂದನ್ನು ಆಯ್ದು ಪಂಪನನ್ನು ಕ್ರಾಂತಿಕಾರಿ ಮಾಡಬಹುದು, ಇನ್ನೊಂದನ್ನು ಆಯ್ದು ಕುಲಾಭಿಮಾನಿ ಮಾಡಬಹುದು. ಎರಡೂ ಸುಲಭ, ಎರಡೂ ಸುಳ್ಳು. ಆಗಮವನ್ನು ಕನ್ನಡಿಸುವಾಗ ಒಂದು ನೆಲೆ, ಪಾತ್ರದ ಅಂತರಂಗಕ್ಕೆ ಇಳಿದಾಗ ಒಂದು ನೆಲೆ, ವಂಶವನ್ನು ನೆನೆಯುವಾಗ ಇನ್ನೊಂದು ನೆಲೆ. ಈ ಮೂರರ ನಡುವಣ ಎಳೆದಾಟದಲ್ಲಿ ಪಂಪನ ಮನಸ್ಸು ಇದೆ. ಸಂಶೋಧಕನ ಕೆಲಸವೂ ಅಲ್ಲಿಯೇ ಇದೆ.

ಈ ರೋಗ ಹಳಗನ್ನಡಕ್ಕೆ ಸೀಮಿತವಲ್ಲ. ದುಡಿಮೆಯ ವಿಷಯದಲ್ಲಿ ಕನ್ನಡದ ಅತಿ ಪ್ರಸಿದ್ಧ ಮಾತು ಕಾಯಕವನ್ನು ಕೈಲಾಸಕ್ಕೆ ಸಮವೆನ್ನುವುದು. ಅದನ್ನು ಬಸವಣ್ಣನವರ ಹೆಸರಿನಲ್ಲಿ ಕಚೇರಿಯ ಗೋಡೆಗಳ ಮೇಲೆ ಬರೆಸಿರುವುದನ್ನು ಯಾರು ಕಂಡಿಲ್ಲ? ಆ ನುಡಿ ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿರುವಾಗ ಗುರು, ಲಿಂಗ, ಜಂಗಮ ಎದುರಿಗೆ ಬಂದರೂ ಅವುಗಳ ಹಂಗನ್ನು ತೊರೆಯಬೇಕೆಂಬುದು ಆ ವಚನದ ಕಠಿಣವಾದ ವಾದ. ಭಕ್ತಿಯ ಒಳಗೆ ನಿಂತು ಭಕ್ತಿಯ ಅಧಿಕಾರವನ್ನೇ ಎದುರಿಸುವ ಮಾತು ಅದು. ಎರಡು ಪದಗಳನ್ನು ಮಾತ್ರ ಕತ್ತರಿಸಿಕೊಂಡಾಗ ಆ ಎದುರಾಟ ಮಾಯವಾಗಿ, ಮೇಲಿನವರು ಕೆಳಗಿನವರಿಗೆ ಹೇಳುವ ಉಪದೇಶವೊಂದು ಉಳಿಯಿತು.

ಅಲ್ಲಿಗೂ ಮುಗಿಯಲಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಗೇ ಒಯ್ದು ಸುರಿದು ಬರಲು ಹೇಳುತ್ತಾಳೆ. ಅವಳ ವಚನಗಳಲ್ಲಿ ಈ ನಿಷ್ಠುರತೆ ಸ್ಪಷ್ಟವಾಗಿದೆ. ಹೆಚ್ಚಿನ ಆಸೆ ಅರಸರಿಗಿರಲಿ, ಶಿವಭಕ್ತರಿಗೆ ಬೇಡ ಎಂಬುದು ಅವಳ ನಿಲುವು. ಮಾರಯ್ಯನ ಮಾತು ದುಡಿಮೆಯನ್ನು ಎತ್ತರಿಸುತ್ತದೆ, ಲಕ್ಕಮ್ಮನ ಮಾತು ಗಳಿಕೆಗೆ ಮಿತಿಯನ್ನು ಹಾಕುತ್ತದೆ. ಗಂಡಹೆಂಡಿರು ಸೇರಿ ಕಟ್ಟಿದ ಈ ವಿಚಾರದಲ್ಲಿ ಗಂಡನ ಎರಡು ಪದಗಳು ಗೋಡೆಯ ಮೇಲೆ ಉಳಿದವು, ಅವನ ಹೆಸರು ಅಳಿಯಿತು, ಹೆಂಡತಿಯ ಮಾತು ಪಠ್ಯಪುಸ್ತಕದ ಮೂಲೆಗೆ ಹೋಯಿತು. ಇನ್ನಷ್ಟು ದುಡಿಯಿರಿ ಎನ್ನಬಯಸುವ ಯಾರಿಗೂ ಲಕ್ಕಮ್ಮ ಬೇಕಾಗಿಲ್ಲ ಎಂಬುದು ಇದರ ಕಾರಣವಾದರೆ ಆಶ್ಚರ್ಯವಿಲ್ಲ. ಸೂಕ್ತಿಯನ್ನು ಆಯುವವನ ಕೈ ನಿಷ್ಪಕ್ಷಪಾತವಾಗಿರುವುದು ಅಪರೂಪ.

ಬಾಳಿನ ವಿಷಯಕ್ಕೆ ಬಂದರೆ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ ಇಂದು ಬೆಳಗಿನ ವಾಟ್ಸಾಪ್ ಸಂದೇಶವಾಗಿ ಹಂಚಿಹೋಗುತ್ತಿದೆ. 1943ರಲ್ಲಿ ಪ್ರಕಟವಾದ ಆ ಕೃತಿಯಲ್ಲಿ 945 ಪದ್ಯಗಳಿವೆ. ಆರಂಭದಲ್ಲಿಯೇ ಸಂಶಯಗಳ ಸಾಲು ಏಳುತ್ತದೆ: ಈ ಬಾಳಿಗೆ ಅರ್ಥವಿದೆಯೆ, ಈ ಜಗತ್ತಿಗೆ ಕ್ರಮವಿದೆಯೆ ಎಂದು. ಅಲ್ಲಿ ಕೇಳಿದ್ದಕ್ಕೆ ಮುಂದೆ ನೂರಾರು ಪದ್ಯಗಳ ಉದ್ದಕ್ಕೂ ಹುಡುಕಾಟ ನಡೆಯುತ್ತದೆ. ಸಂಶಯದ ಪದ್ಯವನ್ನು ಒಂಟಿಯಾಗಿ ಕಳುಹಿಸಿದರೆ ಡಿ.ವಿ.ಜಿ. ನಿರಾಶಾವಾದಿ, ಸಮಾಧಾನದ ಪದ್ಯವನ್ನು ಕಳುಹಿಸಿದರೆ ಪ್ರವಚನಕಾರ. ಮಂಕುತಿಮ್ಮನೆಂಬ ಹೆಸರನ್ನು ಇಟ್ಟುಕೊಂಡು ತನಗೆ ತಾನೇ ಮಾತನಾಡಿಕೊಳ್ಳುವ ಜಿಜ್ಞಾಸುವನ್ನು ಈ ಎರಡರಲ್ಲಿಯೂ ಕಾಣಲಾಗದು.

ಜನ್ನನ ಗತಿಯೂ ಇದೇ. 1209ರ ಯಶೋಧರಚರಿತೆಯಿಂದ ನಮ್ಮ ನೆನಪಿನಲ್ಲಿ ಉಳಿದಿರುವುದು ಕಾಮ ಮತ್ತು ವಿಧಿಯ ಕ್ರೌರ್ಯವನ್ನು ಕುರಿತ ಒಂದು ಮಾತು. ಅದರ ಬಲದ ಮೇಲೆ ಜನ್ನನನ್ನು ವಿಧಿವಾದಿಯೆಂದು ಕರೆದು ಮುಗಿಸುವವರಿದ್ದಾರೆ. ಆದರೆ ಆ ಕಥೆಯನ್ನು ಹೇಳುತ್ತಿರುವವನು ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಬಾಲಕ ಅಭಯರುಚಿ. ಕೇಳುತ್ತಿರುವವನು ಕತ್ತಿ ಹಿರಿದ ಮಾರಿದತ್ತ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗೇ ಭವಭವಗಳಲ್ಲಿ ನೋಯಬೇಕಾಯಿತು ಎಂದು ಆ ಬಾಲಕ ಹೇಳುವುದು ಕತ್ತಿಯನ್ನು ಕೆಳಗಿಳಿಸಲಿ ಎಂದು. ಕೊನೆಗೆ ಅರಸನ ಮನಸ್ಸು ತಿರುಗುತ್ತದೆ. ಕೇಳುಗನು ಬದಲಾಗಬಲ್ಲ ಎಂಬ ನಂಬಿಕೆಯ ಮೇಲೆ ನಿಂತ ಕಾವ್ಯವನ್ನು, ಯಾವುದೂ ಬದಲಾಗದು ಎಂಬ ಒಂದು ಮಾತಿಗೆ ಇಳಿಸುವುದು ಎಂತಹ ಓದು?

ಕಲೆ ಮತ್ತು ಕಾಣ್ಕೆಯ ಸಂಬಂಧವನ್ನು ಕನ್ನಡದಲ್ಲಿ ಅತ್ಯಂತ ಆಳವಾಗಿ ಚಿಂತಿಸಿದ ಪ್ರಸಂಗ ನನ್ನ ತಿಳಿವಿನಲ್ಲಿ ಆದಿಪುರಾಣದ ನೀಲಾಂಜನೆಯ ನೃತ್ಯ. ಅದನ್ನೂ ನಾವು ಬಿಟ್ಟಿಲ್ಲ. ಬಾಳು ನಶ್ವರ ಎಂಬ ಶ್ರದ್ಧಾಂಜಲಿಯ ಮಾತಾಗಿ ಅದನ್ನು ಸವೆಸಿದ್ದೇವೆ. ಪ್ರಸಂಗವನ್ನು ನೆನಪಿಸಿಕೊಳ್ಳಿ. ರಾಜ್ಯಭೋಗದಲ್ಲಿ ಮುಳುಗಿದ ಆದಿದೇವನಿಗೆ ವೈರಾಗ್ಯ ಹುಟ್ಟಲೆಂದು ದೇವೇಂದ್ರ ಆಯುಷ್ಯ ಮುಗಿಯುತ್ತ ಬಂದ ನರ್ತಕಿಯನ್ನು ಆಸ್ಥಾನದಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅದೇ ರೂಪಿನ ಮತ್ತೊಬ್ಬಳನ್ನು ಆ ಕ್ಷಣವೇ ಸೃಷ್ಟಿಸುತ್ತಾನೆ. ಸಭೆಯ ಯಾರಿಗೂ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನು ಕಾಣುತ್ತಾನೆ.

ನಶ್ವರತೆಯ ಪಾಠಕ್ಕೆ ನರ್ತಕಿಯ ಸಾವೊಂದೇ ಸಾಕಾಗಿತ್ತು. ಎರಡನೆಯ ನರ್ತಕಿ ಏಕೆ ಬೇಕಾದಳು? ಅವಳಿಲ್ಲದೆ ಹೋಗಿದ್ದರೆ ಸಭೆಗೆಲ್ಲ ಸಾವು ಕಾಣುತ್ತಿತ್ತು, ಎಲ್ಲರಿಗೂ ಒಂದು ಗಳಿಗೆಯ ಶ್ಮಶಾನವೈರಾಗ್ಯ ಬರುತ್ತಿತ್ತು. ಅವಳು ಇದ್ದುದರಿಂದ ಪ್ರಶ್ನೆ ನೋಟದ ಪ್ರಶ್ನೆಯಾಯಿತು. ಒಂದೇ ದೃಶ್ಯವನ್ನು ನೋಡುತ್ತಿರುವ ನೂರಾರು ಕಣ್ಣುಗಳಲ್ಲಿ ಒಂದು ಜೋಡಿ ಮಾತ್ರ ಎರಡು ಕ್ಷಣಗಳ ನಡುವಿನ ಬಿರುಕನ್ನು ಹಿಡಿಯಿತು. ಕಲೆ ಆ ಬಿರುಕನ್ನು ಮುಚ್ಚಲೂ ಬಲ್ಲುದು, ಅದನ್ನು ಕಾಣುವಷ್ಟು ಕಣ್ಣನ್ನು ಹರಿತಗೊಳಿಸಲೂ ಬಲ್ಲುದು. ಇಂದ್ರನ ಕಪಟವೇ ಆದಿದೇವನ ಬೋಧೆಗೆ ಕಾರಣವಾಯಿತು. ಈ ವಿಚಾರ ಕಥೆಯ ಜೋಡಣೆಯಲ್ಲಿದೆ, ಯಾವ ಒಂದು ಪದ್ಯದಲ್ಲಿಯೂ ಇಲ್ಲ. ಆದ್ದರಿಂದಲೇ ನುಡಿಮುತ್ತನ್ನು ಆಯುವವನ ಬುಟ್ಟಿಗೆ ಇದು ಬೀಳುವುದಿಲ್ಲ. ಕವಿಯ ಅತ್ಯುತ್ತಮ ಚಿಂತನೆಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ, ಉದ್ಧರಿಸಲು ಬಾರದಂತೆ.

ಇಲ್ಲಿ ಒಂದು ಎದುರುವಾದ ಬರುವುದು ಸಹಜ. ಕಾವ್ಯದಿಂದ ಪದ್ಯಗಳನ್ನು ಆಯ್ದು ಸಂಕಲಿಸುವುದು ಹೊಸ ಪಾಪವೇನಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವವನ್ನು ಸಂಕಲಿಸಲಿಲ್ಲವೆ? ಹದಿನಾರನೆಯ ಶತಮಾನದ ಅಭಿನವವಾದಿ ವಿದ್ಯಾನಂದ ಕಾವ್ಯಸಾರವನ್ನು ಮಾಡಲಿಲ್ಲವೆ? ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ನಮಗೆ ದೊರೆತಿಲ್ಲ. ಅವುಗಳ ಕೆಲವು ಪದ್ಯಗಳಾದರೂ ಉಳಿದದ್ದು ಹೀಗೆ ಆಯ್ದು ಉದಾಹರಿಸಿದವರಿಂದ ಅಲ್ಲವೆ?

ಈ ವಾದದಲ್ಲಿ ಬಲವಿದೆ, ಆ ಸಂಕಲನಕಾರರ ಋಣ ನಮ್ಮ ಮೇಲೆ ದೊಡ್ಡದಾಗಿದೆ. ಆದರೆ ಅವರು ಮಾಡಿದ್ದೇನೆಂದು ನೋಡಬೇಕು. ಮಲ್ಲಿಕಾರ್ಜುನ ಪದ್ಯಗಳನ್ನು ವರ್ಣನೆಯ ವಿಷಯಗಳಿಗೆ ತಕ್ಕಂತೆ ವಿಂಗಡಿಸಿದ: ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಎಂಬಂತೆ. ಕಡಲನ್ನು ಬಲ್ಲ ಕವಿಗಳು ಹೇಗೆ ಬಣ್ಣಿಸಿದ್ದಾರೆ ಎಂಬುದಕ್ಕೆ ಅದು ಮಾದರಿಗಳ ಕೋಶ. ರಸಿಕನಿಗೆ ಸವಿಯಲು, ಕಲಿಯುವ ಕವಿಗೆ ಕಲಿಯಲು. ಚಂದ್ರೋದಯದ ಒಂದು ಪದ್ಯವನ್ನು ತೋರಿಸಿ ಇದೇ ಆ ಕವಿಯ ಜೀವನದರ್ಶನ ಎಂದು ಅವನು ಹೇಳಲಿಲ್ಲ. ಅವನ ಮಗ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿಕೊಂಡದ್ದು ವ್ಯಾಕರಣದ ಸೂತ್ರಕ್ಕೆ ಸಾಕ್ಷಿಯಾಗಿ. ತಂದೆಮಗ ಇಬ್ಬರಿಗೂ ತಾವು ತೆಗೆಯುತ್ತಿರುವುದು ಏನು, ಬಿಡುತ್ತಿರುವುದು ಏನು ಎಂಬ ಅರಿವಿತ್ತು. ಕೌಶಲದ ಮಾದರಿಯಾಗಿ ಆಯ್ದ ಪದ್ಯಕ್ಕೂ ಅಭಿಪ್ರಾಯದ ಪ್ರಮಾಣಪತ್ರವಾಗಿ ಆಯ್ದ ಪದ್ಯಕ್ಕೂ ಅಂತರವಿದೆ. ಗಾದೆಯ ಮಾತು ಬೇರೆ. ಅದಕ್ಕೆ ಕರ್ತೃವಿಲ್ಲ, ಹಿಂದುಮುಂದಿನ ಪಠ್ಯವಿಲ್ಲ, ಬಳಸಿದ ಸಂದರ್ಭವೇ ಅದರ ಮನೆ. ಕವಿಯ ಮಾತಿಗೆ ಅದರದೇ ಮನೆ ಇದೆ. ಆ ಮನೆಯಿಂದ ಹೊರಹಾಕಿ ಗಾದೆಯನ್ನಾಗಿ ಮಾಡುವುದಾದರೆ ಮಾಡಿ, ಆದರೆ ಅದರ ಕೆಳಗೆ ಕವಿಯ ಹೆಸರನ್ನು ಬರೆಯಬೇಡಿ.

ವಿದ್ಯಾರ್ಥಿಗಳಿಗೆ ನನ್ನ ವಿನಂತಿ ದೊಡ್ಡದೇನಲ್ಲ. ಒಂದು ಮಾತನ್ನು ಪ್ರಬಂಧದಲ್ಲಿ ಬಳಸುವ ಮುನ್ನ ಅದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಕೃತಿಯಲ್ಲಿಯೇ ಹುಡುಕಿರಿ. ಅದರ ಹಿಂದಿನ ಹತ್ತು ಪದ್ಯಗಳನ್ನೂ ಮುಂದಿನ ಹತ್ತು ಪದ್ಯಗಳನ್ನೂ ಓದಿರಿ. ಆಕರವಿದ್ದರೆ ಆಕರವನ್ನು ತೆರೆಯಿರಿ. ಅದೇ ಲೇಖಕ ಅದೇ ವಿಷಯದಲ್ಲಿ ಬೇರೆಡೆ ಬೇರೆಯಾಗಿ ನುಡಿದಿದ್ದರೆ ಅದನ್ನು ಮರೆಮಾಚದೆ ಪಕ್ಕದಲ್ಲಿಡಿ. ಹೀಗೆ ಮಾಡಿದರೆ ನಿಮ್ಮ ಮಹಾಪ್ರಬಂಧದಲ್ಲಿ ಉದ್ಧರಣೆಗಳು ಕಡಿಮೆಯಾದಾವು, ಉಳಿದವು ನಿಮ್ಮವಾದಾವು. ಮಾರ್ಗದರ್ಶಕರಾದ ನಾವು ಉದ್ಧರಣೆಗಳ ಸಂಖ್ಯೆಯನ್ನು ನೋಡಿ ಓದಿನ ವಿಸ್ತಾರವನ್ನು ಅಳೆಯುವುದನ್ನು ಮೊದಲು ಬಿಡಬೇಕು.

ನನ್ನ ಸಮಾಜದವರಿಗೂ ಒಂದು ಮಾತು. ಮನುಷ್ಯಜಾತಿ ಒಂದೇ ಎಂಬ ನಿಲುವು ನಮ್ಮ ಆಚಾರ್ಯರ ಗ್ರಂಥದಲ್ಲಿದೆ, ಅದಕ್ಕಾಗಿ ಹೆಮ್ಮೆಪಡೋಣ. ವೃತ್ತಿಯಿಂದ ಅದು ನಾಲ್ಕಾಯಿತು, ಅದರಲ್ಲೊಂದು ಕೆಳಗಣದು ಎಂಬುದೂ ಅದೇ ಗ್ರಂಥದಲ್ಲಿದೆ. ಅದಕ್ಕೆ ಉತ್ತರಿಸುವ ಹೊಣೆಯೂ ನಮ್ಮದೇ. ಬಸದಿಯ ಅಂಗಳ ಗುಡಿಸುವವನನ್ನು, ಹಬ್ಬದ ಚಪ್ಪರ ಹಾಕುವವನನ್ನು ನಾವು ಊಟದ ಪಂಕ್ತಿಯಲ್ಲಿ ಎಲ್ಲಿ ಕೂರಿಸುತ್ತೇವೆ ಎಂಬುದು ಶ್ಲೋಕದ ಎರಡನೆಯ ಪಾದದ್ವಯಕ್ಕೆ ಸೇರಿದ ಪ್ರಶ್ನೆ. ಬ್ಯಾನರಿನಲ್ಲಿ ಮೊದಲನೆಯ ಅರ್ಧ ಇರುವವರೆಗೆ ಅದನ್ನು ಯಾರೂ ನಮ್ಮನ್ನು ಕೇಳುವುದಿಲ್ಲ.

ಆ ವಿದ್ಯಾರ್ಥಿ ಹೋದ ತಿಂಗಳು ದೂರವಾಣಿ ಮಾಡಿದ್ದ. ಪೂರ್ವಪುರಾಣದ 38ನೆಯ ಪರ್ವವನ್ನು ಅನುವಾದದ ನೆರವಿನಿಂದ ಓದಿದೆನೆಂದೂ, ಈಗ ತನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮತ್ತೆ ಬರೆಯಬೇಕಾಗಿದೆಯೆಂದೂ ಸ್ವಲ್ಪ ಬೇಸರದಿಂದಲೇ ಹೇಳಿದ. ಬರೆಯಪ್ಪ ಎಂದೆ.